ಕರೆದರೂ ತಿರುಗದ ಮಗು

ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ಕೂಡಲೇ ಅದರ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಆದರೆ ಆ ಕಿವಿಗೆ ದನಿ ಸರಿಯಾಗಿ ತಲುಪುತ್ತಿದೆಯೇ ಎಂದು ಆಮೇಲೆ ಎಷ್ಟು ಜನ ಗಮನಿಸುತ್ತೇವೆ? ಕಣ್ಣು ಮಂಜಾದರೆ ಮಗು ಎಡವುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ. ಕಿವಿ ಮಂದವಾದರೆ ಮಗು ಸುಮ್ಮನಿರುತ್ತದೆ. ಸುಮ್ಮನಿರುವ ಮಗುವನ್ನು ನಾವು ಹಠಮಾರಿ, ದಡ್ಡ ಎಂದು ಕರೆಯುತ್ತೇವೆ.

ಕಳೆದ ವರ್ಷ ಯುಕೆಜಿಯಲ್ಲಿದ್ದ ನನ್ನ ತಮ್ಮನ ಡೈರಿಯಲ್ಲಿ ‘ತರಗತಿಯಲ್ಲಿ ಗಮನ ಕೊಡುವುದಿಲ್ಲ’ ಎಂದು ಮತ್ತೆ ಮತ್ತೆ ಬರೆದು ಬರುತ್ತಿತ್ತು. ಅಮ್ಮಿ ಹೋಗಿ ಕೇಳಿದಾಗ, ‘ನಿಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೀರಿ, ಅದಕ್ಕೇ ಅವನಿಗೆ ಕನ್ನಡ ಅರ್ಥವಾಗುತ್ತಿಲ್ಲ’ ಎಂದರಂತೆ. ಮನೆಯವರೂ ಅದನ್ನು ಒಪ್ಪಿದರು. ದಿನಾ ಸಂಜೆ ಅವನಿಗೆ ಕನ್ನಡ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಎದುರಿಗೆ ಕೂರಿಸಿಕೊಂಡು ಹೇಳಿದರೆ ಅವನು ಬೇಗ ಕಲಿಯುತ್ತಿದ್ದ. ಗೋಡೆಯ ಚಾರ್ಟ್ ಕಡೆಗೆ ಮುಖ ಮಾಡಿ ಹೇಳಿದರೆ ‘ಆಂ?’ ಎನ್ನುತ್ತಿದ್ದ. ‘ಕಲ್ಲು’ ಎಂದರೆ ‘ಹಲ್ಲು’ ಎನ್ನುತ್ತಿದ್ದ. ಒಂದು ದಿನ ಅಮ್ಮಿ ಅಡುಗೆಮನೆಯಿಂದ ಅವನನ್ನು ಊಟಕ್ಕೆ ಮೂರು ಸಲ ಕರೆದರು, ಅದೂ ಉರ್ದುವಿನಲ್ಲೇ. ಅವನು ತಿರುಗಿಯೂ ನೋಡಲಿಲ್ಲ. ತೊಂದರೆ ಇರುವುದು ಕನ್ನಡದಲ್ಲಾದರೆ ಉರ್ದುವಾದರೂ ಕೇಳಬೇಕಿತ್ತಲ್ಲ? ಅಬ್ಬಾಗೆ ಇದನ್ನೇ ಹೇಳಿದೆ. ಆ ವಾರವೇ ಸರ್ಕಾರಿ ಆಸ್ಪತ್ರೆಯ ಇ.ಎನ್.ಟಿ. ವೈದ್ಯರಿಗೆ ತೋರಿಸಿದೆವು.

ದೀಪವಿರುವ ಸಣ್ಣ ಉಪಕರಣದಿಂದ ನೋಡಿದ ವೈದ್ಯರು, ‘ಬಡ್ಸ್ ಹಾಕುತ್ತೀರಾ?’ ಎಂದು ಕೇಳಿದರು. ಹೌದು, ಪ್ರತಿ ಜುಮ್ಮಾ ದಿನ ಸ್ನಾನವಾದ ಮೇಲೆ ದಾದಿ ಅವನ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಬಡ್ಸ್‌ನಿಂದ ಒರೆಸುತ್ತಿದ್ದರು. ತುದಿಗೆ ಅಂಟಿ ಬರುತ್ತಿದ್ದುದು ಸ್ವಲ್ಪ. ಉಳಿದದ್ದು ಒಳಗೆ ಸರಿದು, ಎರಡೂ ಕಿವಿಗಳಲ್ಲಿ ಬೆಣೆಯಂತೆ ಗಟ್ಟಿಯಾಗಿ ಕೂತಿತ್ತು.

ನಮ್ಮ ಮನೆಮಾತಿನಲ್ಲಿ ಗುಗ್ಗೆಗೆ ‘ಕಾನ್ ಕಾ ಮೈಲ್’ ಎನ್ನುತ್ತೇವೆ, ಅಂದರೆ ಕಿವಿಯ ಕೊಳೆ. ಕೊಳೆ ಎಂದ ಮೇಲೆ ತೆಗೆಯಲೇಬೇಕು ಅನ್ನಿಸುತ್ತದೆ. ಆದರೆ ಅದು ಕೊಳೆಯಲ್ಲ. ಕಿವಿಯ ನಾಳದ ಹೊರಭಾಗದ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಧೂಳು, ಹುಳ, ರೋಗಾಣು ಒಳಗೆ ಹೋಗದಂತೆ ಅದು ತಡೆಯುತ್ತದೆ. ನಾಳದ ಚರ್ಮ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ, ಅಗಿಯುವಾಗ ದವಡೆ ಆಡುತ್ತದೆ. ಹಳೆಯ ಗುಗ್ಗೆ ತಾನಾಗಿ ಹೊರಗೆ ಬಂದು ಉದುರುತ್ತದೆ. ಮಕ್ಕಳ ಕಿವಿಯ ನಾಳ ಕಿರಿದು. ಬಡ್ಸ್, ಪಿನ್ನು, ಬೆಂಕಿಕಡ್ಡಿ ಹಾಕಿದರೆ ಗುಗ್ಗೆ ಒಳಗೆ ಹೋಗುತ್ತದೆ, ತಮಟೆಗೂ ಗಾಯವಾಗಬಹುದು. ತಮಟೆಯಲ್ಲಿ ಮೊದಲೇ ತೂತಿದ್ದರೆ ಎಣ್ಣೆಯೂ ಅಪಾಯವೇ.

ಐದು ದಿನ ಡ್ರಾಪ್ಸ್ ಹಾಕಿಸಿ, ಗುಗ್ಗೆ ಮೆತ್ತಗಾದ ಮೇಲೆ ವೈದ್ಯರು ಯಂತ್ರದಿಂದ ಹೀರಿ ತೆಗೆದರು. ತಮ್ಮ ತಲೆಯೆತ್ತಿ, ‘ಪಂಖಾ ಕೈಕು ಆವಾಜ್ ಕರ್‌ರಾ?’ ಎಂದು ಕೇಳಿದ. ಆ ಫ್ಯಾನ್ ನಾವು ಬಂದಾಗಿನಿಂದ ಕಿರುಗುಟ್ಟುತ್ತಲೇ ಇತ್ತು.

ವೈದ್ಯರು ಅಷ್ಟಕ್ಕೇ ಬಿಡಲಿಲ್ಲ. ಶ್ರವಣ ಪರೀಕ್ಷೆ ಮಾಡಿಸಿದರು. ಹೆಡ್‌ಫೋನ್‌ನಲ್ಲಿ ಶಬ್ದ ಬಂದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕಬೇಕು. ಅವನಿಗೆ ಅದು ಆಟ. ಎಡಗಿವಿ ಇನ್ನೂ ಸ್ವಲ್ಪ ಮಂದವಿತ್ತು. ನೆಗಡಿಯ ನಂತರ ತಮಟೆಯ ಹಿಂದೆ ನೀರು ನಿಂತಿತ್ತು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ಚಿಕ್ಕ ಮಕ್ಕಳಲ್ಲಿ ಗಿಡ್ಡವಾಗಿ, ಹೆಚ್ಚು ಅಡ್ಡವಾಗಿ ಇರುವುದರಿಂದ ಹೀಗಾಗುತ್ತದಂತೆ. ಇದರಲ್ಲಿ ನೋವೇ ಇಲ್ಲದಿರಬಹುದು, ಮಗು ಹೇಳಿಕೊಳ್ಳುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ, ಇಳಿಯಿತೇ ಎಂದು ಮತ್ತೆ ನೋಡಿಸಲೇಬೇಕು. ಮೂರು ತಿಂಗಳ ಬಳಿಕ ತಮ್ಮನ ಎರಡೂ ಕಿವಿ ಸರಿಯಿದ್ದವು.

ದಾದಿ ಮೊದಲು ಬೇಸರಪಟ್ಟರು. ಆಮೇಲೆ ಅವರೇ ಹೇಳಿದರು: ವಜೂ ಮಾಡುವಾಗ ಒದ್ದೆ ಬೆರಳಿನಿಂದ ಕಿವಿಯನ್ನು ಸವರುತ್ತೇವಲ್ಲ, ಅಷ್ಟೇ ಸಾಕಿತ್ತು. ಹೌದು, ಬೆರಳು ಹೋಗದ ಜಾಗಕ್ಕೆ ನಾವು ಹೋಗಬೇಕಾಗಿಲ್ಲ.

ಕನ್ನಡದಲ್ಲಿ ‘ಕೇಳುವುದಿಲ್ಲ’ ಎಂಬುದಕ್ಕೆ ಎರಡು ಅರ್ಥ: ಕಿವಿ ಕೇಳುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ. ಉರ್ದುವಿನ ‘ಸುನ್ತಾ ನೈ’ ಕೂಡ ಹಾಗೇ. ದೊಡ್ಡವರು ಎರಡನೆಯ ಅರ್ಥವನ್ನೇ ಮೊದಲು ಹಿಡಿಯುತ್ತಾರೆ. ಮನೆಮಾತು ಬೇರೆಯಾದ ಮಗುವಾದರೆ ಮೂರನೆಯದೊಂದು ಕಾರಣವೂ ಸಿದ್ಧವಿರುತ್ತದೆ: ‘ಭಾಷೆ ಬರುವುದಿಲ್ಲ’. ಈ ಮಾತುಗಳ ನಡುವೆ ಕಿವಿಯನ್ನು ಯಾರೂ ನೋಡುವುದಿಲ್ಲ. ಮಕ್ಕಳ ಶ್ರವಣದೋಷದಲ್ಲಿ ಶೇ 60ರಷ್ಟು ತಡೆಯಬಹುದಾದ ಕಾರಣಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಇದ್ದಾರೆ. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ. ಟಿವಿ ಸದ್ದು ಜೋರು ಮಾಡುವುದು, ಪದೇ ಪದೇ ‘ಆಂ’ ಎನ್ನುವುದು, ಮಾತಾಡುವವರ ತುಟಿಯನ್ನೇ ನೋಡುವುದು, ಮಾತು ತಡವಾಗುವುದು, ಕಿವಿ ಸೋರುವುದು – ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಕಿವಿಯನ್ನೂ ನೋಡುತ್ತದೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಮಗುವನ್ನು ಗದರುವ ಮೊದಲು ಅದರ ಕಿವಿಯನ್ನು ತೋರಿಸಿ.