ಕುದುರೆಯ ಲಾಳವೂ ಶ್ರಾವಕನ ವಿವೇಕವೂ

ಅಹಿಂಸಾಣುವ್ರತವನ್ನು ಪಾಲಿಸುವ ಗೃಹಸ್ಥನಿಗೆ ಮದ್ಯ, ಮಾಂಸ, ಮಧುಗಳ ತ್ಯಾಗದಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ. ಸಂದೇಹ ಹುಟ್ಟುವುದು ತನ್ನ ಆಶ್ರಯದಲ್ಲಿರುವ ಪ್ರಾಣಿಯ ವಿಷಯದಲ್ಲಿ. ಯಾವುದು ಅದಕ್ಕೆ ರಕ್ಷಣೆ, ಯಾವುದು ಪೀಡೆ ಎಂಬುದನ್ನು ನಿರ್ಣಯಿಸಲು ಶಾಸ್ತ್ರಜ್ಞಾನದೊಂದಿಗೆ ಆ ಪ್ರಾಣಿಯ ದೇಹಧರ್ಮದ ಅರಿವೂ ಬೇಕು. ಕುದುರೆಗೆ ಲಾಳ ಕಟ್ಟಿಸಬೇಕೆ, ಬರಿಗೊರಸಿನಲ್ಲಿಯೇ ಇರಿಸಬೇಕೆ ಎಂಬುದು ಅಂಥ ಒಂದು ಪ್ರಶ್ನೆ.

ನಮ್ಮ ಬಸದಿಯ ಟ್ರಸ್ಟಿಗೆ ಭಕ್ತ ಕುಟುಂಬವೊಂದು ಉತ್ಸವದ ಮೆರವಣಿಗೆಗೆಂದು ಕುದುರೆಯೊಂದನ್ನು ದಾನವಾಗಿ ನೀಡಿತು. ಕುದುರೆಯು ಮೂರನೆಯ ತೀರ್ಥಂಕರರಾದ ಸಂಭವನಾಥಸ್ವಾಮಿಯ ಲಾಂಛನವಾದ್ದರಿಂದ ಎಲ್ಲರಿಗೂ ಸಂತೋಷವಾಯಿತು. ಕೆಲವು ವಾರಗಳ ನಂತರ ಲಾಳ ಬದಲಿಸುವ ಖರ್ಚಿನ ಚೀಟಿ ಕೋಶಾಧ್ಯಕ್ಷನಾದ ನನ್ನ ಮುಂದೆ ಬಂದಿತು. ಅದನ್ನು ಸಭೆಯಲ್ಲಿ ಓದಿದಾಗ ಹಿರಿಯರೊಬ್ಬರು, “ಜೀವಂತ ಪಾದಕ್ಕೆ ಮೊಳೆ ಹೊಡೆಯುವುದು ಹಿಂಸೆಯಲ್ಲವೆ? ನಮ್ಮ ಮುನಿಗಳು ಬರಿಗಾಲಿನಲ್ಲಿಯೇ ವಿಹಾರ ಮಾಡುತ್ತಾರಲ್ಲ!” ಎಂದರು. ಮತ್ತೊಬ್ಬ ಸದಸ್ಯರು, “ಡಾಂಬರು ರಸ್ತೆಯಲ್ಲಿ ಲಾಳವಿಲ್ಲದೆ ನಡೆಸುವುದೇ ಹಿಂಸೆ” ಎಂದು ಉತ್ತರಿಸಿದರು. ಇಬ್ಬರ ಮಾತಿನಲ್ಲಿಯೂ ದಯೆಯಿತ್ತು. ಆದರೆ ದಯೆಯು ಜ್ಞಾನಪೂರ್ವಕವಾಗಿರಬೇಕೆಂಬುದು ನಮ್ಮ ಆಚಾರ್ಯರ ಬೋಧನೆ. ಆದಕಾರಣ ತೀರ್ಮಾನವನ್ನು ಮುಂದೂಡಿ, ಪಶುವೈದ್ಯರೊಬ್ಬರನ್ನೂ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುವ ಅನುಭವಿಯೊಬ್ಬರನ್ನೂ ಕಂಡು ವಿಚಾರಿಸಿದೆನು.

ಗೊರಸಿನ ಹೊರಗೋಡೆಯು ನಮ್ಮ ಉಗುರಿನಂಥ ವಸ್ತುವಿನಿಂದಾದುದು; ಅದರಲ್ಲಿ ನೋವಿನ ಅರಿವಿಲ್ಲ. ಸರಿಯಾಗಿ ಹೊಡೆದ ಮೊಳೆ ಆ ಗೋಡೆಯಲ್ಲಿಯೇ ಸಾಗಿ ಹೊರಬರುತ್ತದೆ. ಅದು ಸ್ವಲ್ಪ ಒಳಕ್ಕೆ ಸರಿದರೂ ಜೀವಂತ ಭಾಗಕ್ಕೆ ತಾಗಿ ಕುದುರೆ ಕುಂಟುತ್ತದೆ. ಕೀವು ಕಟ್ಟುವುದೂ ಉಂಟು. ಗೋಡೆಯು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬರಿಗೊರಸು ನಡೆದಂತೆಲ್ಲ ಸವೆಯುತ್ತದೆ; ಲಾಳವಿದ್ದರೆ ಸವೆಯದೆ ಉದ್ದವಾಗುತ್ತದೆ. ಆದ್ದರಿಂದ 6ರಿಂದ 8 ವಾರಗಳಿಗೊಮ್ಮೆ ಲಾಳ ತೆಗೆದು, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಭಾರ ಬಿದ್ದಾಗ ಗೊರಸಿನ ಹಿಂಭಾಗ ಕೊಂಚ ಅಗಲವಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ; ಕಬ್ಬಿಣವು ಈ ಸಹಜ ಚಲನೆಯನ್ನು ಕುಗ್ಗಿಸುತ್ತದೆ. ಇನ್ನೊಂದೆಡೆ, ದಿನವೂ ಗಟ್ಟಿ ರಸ್ತೆಯಲ್ಲಿ ಗಾಡಿ ಎಳೆಯುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆದು ಅಂಗಾಲು ನೋಯಬಹುದು. ಅದಕ್ಕೆ ಲಾಳವೇ ರಕ್ಷೆ.

ಲಾಳವಿಲ್ಲದ ಕುದುರೆ ಹೊಸ ಕಲ್ಪನೆಯೇನೂ ಅಲ್ಲ. ಮೊಳೆಯ ಲಾಳವನ್ನು ಬಳಸದಿದ್ದ ಗ್ರೀಕರಲ್ಲಿ ಕ್ಸೆನೊಫನ್ ಎಂಬ ಲೇಖಕನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ, ಲಾಯದ ಅಂಗಳಕ್ಕೆ ದುಂಡುಕಲ್ಲುಗಳನ್ನು ಹಾಸಿ ಗೊರಸನ್ನು ಗಟ್ಟಿಗೊಳಿಸಬೇಕೆಂದು ಸಲಹೆ ಮಾಡಿದ್ದನು. 1980ರ ದಶಕದಲ್ಲಿ ಅಮೆರಿಕದ ಜೇಮೀ ಜಾಕ್ಸನ್ ಎಂಬ ಲಾಳಗಾರರು ಅಲ್ಲಿನ ಕಾಡುಕುದುರೆಗಳ ಗೊರಸನ್ನು ಅಭ್ಯಸಿಸಿ 1992ರಲ್ಲಿ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ವಿಚಾರ ಪಶ್ಚಿಮದಲ್ಲಿ ಪುನಃ ಚರ್ಚೆಗೆ ಬಂದಿತು. ಆದರೆ ಒಣನೆಲದಲ್ಲಿ ದಿನವಿಡೀ ಸ್ವೇಚ್ಛೆಯಿಂದ ಅಲೆಯುವ ಕುದುರೆಗೂ ಲಾಯದಲ್ಲಿ ನಿಂತು ಕರೆದಾಗ ದುಡಿಯುವ ಕುದುರೆಗೂ ಅಂತರವಿದೆ ಎಂಬುದನ್ನು ಮರೆಯಬಾರದು.

ಈಗ ಶಾಸ್ತ್ರದ ಕಡೆಗೆ ನೋಡೋಣ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಲಾಳದ ಮೊಳೆಯನ್ನು ಕಂಡೊಡನೆ ನಮಗೆ ನೆನಪಾಗುವುದು ಛೇದ. ನೋವಿನ ಅರಿವಿಲ್ಲದ ಗೊರಸಿನ ಅಂಚನ್ನು ಹಿತಬುದ್ಧಿಯಿಂದ ಕತ್ತರಿಸುವುದು ಅಂಗಚ್ಛೇದವಾಗಲಾರದು. ನಾವು ವಿಚಾರಿಸಬೇಕಾದುದು ನಾಲ್ಕನೆಯದಾದ ಅತಿಭಾರಾರೋಪಣವನ್ನು. ಬರಿಗೊರಸು ತಾಳಲಾರದಷ್ಟು ದೂರವನ್ನೂ ಭಾರವನ್ನೂ ಲಾಳವು ಸಾಧ್ಯವಾಗಿಸುತ್ತದೆ. ಹಾಗೆ ಸಾಧ್ಯವಾಗಿಸಿದ ದುಡಿಮೆ ಅವಶ್ಯವೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಹೀಗಾಗಿ ಲಾಳದ ಪ್ರಶ್ನೆಗಿಂತ ಮೊದಲು ದುಡಿಮೆಯ ಪ್ರಶ್ನೆ ಇತ್ಯರ್ಥವಾಗಬೇಕು.

ನಮ್ಮ ದೇಶದ ಕಾನೂನೂ ದುಡಿಮೆಗೆ ಮಿತಿಯಿಟ್ಟಿದೆ. 1965ರ ನಿಯಮಗಳ ಪ್ರಕಾರ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಕೂಡದು. ಲಾಳ ಕಟ್ಟುವ ವೃತ್ತಿಗೆ ಪರವಾನಗಿ ವಿಧಿಸುವ ನಿಯಮಗಳೂ ಅದೇ ವರ್ಷದವು. ಇವು ಕನಿಷ್ಠ ಮರ್ಯಾದೆಗಳು. ವ್ರತಿಕನು ಇವುಗಳಿಗಿಂತ ಮೇಲೆ ನಿಲ್ಲಬೇಕು.

ಮುಂದಿನ ಸಭೆಯಲ್ಲಿ ಈ ಎಲ್ಲವನ್ನೂ ನಿವೇದಿಸಿದೆನು. ಮುನಿಗಳ ದೃಷ್ಟಾಂತ ಕೊಟ್ಟ ಹಿರಿಯರಿಗೆ ವಿನಯದಿಂದ, “ಮುನಿಗಳು ತಿಳಿದು ವ್ರತ ಸ್ವೀಕರಿಸಿದವರು, ಈ ಮೂಕಪ್ರಾಣಿ ಯಾವ ವ್ರತವನ್ನೂ ಸ್ವೀಕರಿಸಿಲ್ಲ. ಪರೀಷಹವನ್ನು ನಾವು ಸಹಿಸಬಹುದು, ಬೇರೊಂದು ಜೀವದ ಮೇಲೆ ಹೊರಿಸಲಾಗದು” ಎಂದೆನು. ಅವರು ಒಪ್ಪಿಕೊಂಡರು. ದಾನಿಗಳ ಮಗನಿಗೆ ಮಾತ್ರ ಮನಸ್ಸಿಗೆ ನೋವಾಯಿತು. “ಊರ ತುಂಬ ಮೆರೆಯಲೆಂದೇ ನಮ್ಮ ತಂದೆಯವರು ಕುದುರೆಯನ್ನು ಕೊಟ್ಟದ್ದು” ಎಂದು ಆತ ಹೇಳಿದನು. ಆಗ ಅದೇ ಹಿರಿಯರು, “ಮಗೂ, ನೇಮಿನಾಥಸ್ವಾಮಿ ತನ್ನ ಮದುವೆಯ ದಿಬ್ಬಣವನ್ನೇ ಪ್ರಾಣಿಗಳ ಕೂಗು ಕೇಳಿ ಹಿಂದಿರುಗಿಸಿದ. ನಾವು ದಾರಿಯನ್ನು ಸ್ವಲ್ಪ ಕಿರಿದುಮಾಡಲಾರೆವೆ?” ಎಂದರು. ಯುವಕನು ಮೌನವಾಗಿ ಸಮ್ಮತಿಸಿದನು.

ಮೆರವಣಿಗೆಯಲ್ಲಿ ಕುದುರೆಯ ಮೇಲೆ ಯಾರೂ ಕೂರತಕ್ಕದ್ದಲ್ಲ. ಅದು ಬಸದಿಯ ಮಣ್ಣಿನ ಪ್ರಾಕಾರದಲ್ಲಿ ಮಾತ್ರ ನಡೆಯತಕ್ಕದ್ದು ಎಂದು ನಿರ್ಣಯವಾಯಿತು. ದುಡಿಮೆ ಇಷ್ಟಕ್ಕೆ ಇಳಿದ ಮೇಲೆ ಲಾಳದ ಅಗತ್ಯ ಉಳಿಯಲಿಲ್ಲ. ವೈದ್ಯರ ಸಮ್ಮುಖದಲ್ಲಿ ಅದನ್ನು ತೆಗೆಸಿದೆವು. ಮೊದಮೊದಲು ಜಲ್ಲಿಯ ಮೇಲೆ ಅದು ಹೆಜ್ಜೆ ಇಡಲು ಹಿಂಜರಿಯುತ್ತಿತ್ತು, ಮೆದುನೆಲದಲ್ಲಿಯೇ ಅಡ್ಡಾಡಿಸಿದೆವು. ಗೊರಸಿನ ಮುಂಭಾಗ ಮೇಲಿನಿಂದ ನೆಲದವರೆಗೆ ಹೊಸದಾಗಿ ಬೆಳೆಯಲು ಸುಮಾರು ಒಂದು ವರ್ಷ ಬೇಕು. ಅಷ್ಟು ಸಹನೆ ಪಾಲಕನಲ್ಲಿರಬೇಕು. ಲಾಳ ಹೋದರೂ ಖರ್ಚು ಹೋಗಲಿಲ್ಲ. ಪ್ರತಿದಿನ ಗೊರಸನ್ನು ಶುಚಿಗೊಳಿಸುವ ಆಳಿನ ಸಂಬಳ, 6 ವಾರಗಳಿಗೊಮ್ಮೆ ಅಂಚು ಕತ್ತರಿಸುವ ಕೂಲಿ ಇಂದಿಗೂ ನಮ್ಮ ಲೆಕ್ಕಪುಸ್ತಕದಲ್ಲಿವೆ. ಮುಂದೆ ವೈದ್ಯರು ಬೇಕೆಂದರೆ ಲಾಳ ಕಟ್ಟಿಸಲು ನಮ್ಮ ಅಭ್ಯಂತರವಿಲ್ಲ. ಟಾಂಗಾದಿಂದಲೇ ಕುಟುಂಬವನ್ನು ಪೋಷಿಸುವವನು ತನ್ನ ಕುದುರೆಗೆ ಸಕಾಲದಲ್ಲಿ ಒಳ್ಳೆಯ ಲಾಳ ಕಟ್ಟಿಸಿದರೆ ಅವನೂ ದಯಾವಂತನೇ.

ಪ್ರಮಾದಯೋಗದಿಂದಾಗುವ ಪ್ರಾಣಪೀಡೆಯೇ ಹಿಂಸೆಯೆಂದು ನಮ್ಮ ಶಾಸ್ತ್ರದ ಅಭಿಪ್ರಾಯ. ಹನ್ನೆರಡು ವಾರ ಮರೆತುಬಿಟ್ಟ ಲಾಳವೂ ಪ್ರಮಾದ. ನೋಡದೆ ಬಿಟ್ಟ ಬರಿಗೊರಸೂ ಪ್ರಮಾದ. ಪ್ರಾಣಿದಾನವನ್ನು ಸ್ವೀಕರಿಸುವ ಟ್ರಸ್ಟುಗಳು ಅದರ ಕೆಲಸವೇನು, ನೆಲ ಯಾವುದು, ಪ್ರತಿದಿನ ಅದರ ಕಾಲನ್ನು ಎತ್ತಿ ನೋಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ದಾನಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಲೆಂದು ನನ್ನ ವಿನಂತಿ.