ಮೊಬೈಲಿಗೆ ಒಗ್ಗುವ ಅರ್ಜಿ

ವಿದ್ಯಾರ್ಥಿವೇತನದ ಅರ್ಜಿಯನ್ನು ನಮ್ಮಲ್ಲಿ ಹೆಚ್ಚಿನವರು ತುಂಬುವುದು ಮೊಬೈಲಿನಲ್ಲೇ. ಕಳೆದ ವರ್ಷ ನಾನು ತುಂಬಿದ ಒಂದು ಫಾರ್ಮಿನಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಪರದೆಯಾಚೆ ಅಡಗಿದ್ದವು. ಎಳೆದೆಳೆದು ನೋಡಬೇಕು. ಒಂದಂಕಿ ತಪ್ಪಿದರೆ ಹಣ ಬಾರದು!

ಹಾಗಾಗಿ ಲ್ಯಾಬಿನಲ್ಲಿ ನಾನೇ ಒಂದು ಮಾದರಿ ಫಾರ್ಮ್ ಮಾಡಿದೆ. ಸಿಎಸ್‌ಎಸ್ ಗ್ರಿಡ್‌ನಲ್ಲಿ ಆಟೋ-ಫಿಟ್, ಮಿನ್‌ಮ್ಯಾಕ್ಸ್ ಬಳಸಿ ಪ್ರತಿ ಖಾನೆಗೂ ಕನಿಷ್ಠ 240 ಪಿಕ್ಸೆಲ್ ಅಗಲ ಕೊಟ್ಟೆ. ಒಂದೇ ಸಾಲಿನ ಕೋಡ್. ದೊಡ್ಡ ಪರದೆಯಲ್ಲಿ ಖಾನೆಗಳು ಅಕ್ಕಪಕ್ಕ, ಮೊಬೈಲಿನಲ್ಲಿ ಒಂದರ ಕೆಳಗೊಂದು. ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನಿನಲ್ಲಿ ಖಾನೆ ಮುಟ್ಟಿದೊಡನೆ ಪುಟವೇ ಹಿಗ್ಗುತ್ತದೆ. (ನಮ್ಮ ಕ್ಲಾಸಿನಲ್ಲಿ ಐಫೋನ್ ಯಾರಲ್ಲಿದೆ, ಅದು ಬೇರೆ ಮಾತು.)

ಕನ್ನಡದ ಪದಗಳು ಉದ್ದ. "ಪೋಷಕರ ವಾರ್ಷಿಕ ಆದಾಯ" ಎಂಬುದಕ್ಕೆ ಪಕ್ಕದಲ್ಲಿ ಜಾಗ ಸಾಲದು. ಅದಕ್ಕೇ ಲೇಬಲ್‌ಗಳನ್ನೆಲ್ಲ ಖಾನೆಯ ಮೇಲೆ ಇಟ್ಟಿದ್ದೇನೆ.