ತುಟಿಗೆ ಹಿಡಿದ ಜೋಮು

ಹಲ್ಲುಗಳ ಪಂಕ್ತಿಯಲ್ಲಿ ಎಲ್ಲಕ್ಕಿಂತ ತಡವಾಗಿ ಬರುವ ಅತಿಥಿಯೆಂದರೆ ಬುದ್ಧಿಹಲ್ಲು. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಅದು ತಲೆದೋರುವ ವೇಳೆಗೆ, ಮದುವೆಯ ಪಂಕ್ತಿಗೆ ಕಡೆಯಲ್ಲಿ ಬಂದವನಿಗೆ ಎಲೆ ಸಿಗದಂತೆ, ದವಡೆಯಲ್ಲಿ ಅದಕ್ಕೆ ಸ್ಥಳವೇ ಉಳಿದಿರುವುದಿಲ್ಲ. ಆಗ ಅದು ಎಲುಬಿನೊಳಗೆ ಅಡ್ಡ ಮಲಗುತ್ತದೆ. ವಸಡಿನ ಮರೆಯಲ್ಲಿ ಅರ್ಧ ಅಡಗುತ್ತದೆ. ಪಕ್ಕದ ಹಲ್ಲನ್ನು ಒತ್ತುತ್ತದೆ. ಅದಕ್ಕೆ ಬುದ್ಧಿಯ ಹೆಸರನ್ನಿಟ್ಟವರ ವಿನೋದಪ್ರವೃತ್ತಿಯನ್ನು ಮೆಚ್ಚಲೇಬೇಕು.

ಈ ಹಲ್ಲನ್ನು ಕೀಳುವ ಕಾರ್ಯಕ್ಕೂ ನೋವನ್ನು ಗೆಲ್ಲಹೊರಟ ಮನುಷ್ಯನ ಸಾಹಸಕ್ಕೂ ಹಳೆಯ ನಂಟುಂಟು. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ನಗೆಯನಿಲವನ್ನು ಸೇವಿಸಿ, ತನ್ನ ಬುದ್ಧಿಹಲ್ಲನ್ನೇ ಜಾನ್ ರಿಗ್ಸ್ ಎಂಬ ಸಹೋದ್ಯೋಗಿಯಿಂದ ಕೀಳಿಸಿಕೊಂಡನು. ನೋವು ತಿಳಿಯಲಿಲ್ಲ. ನಾಲ್ವತ್ತು ವರ್ಷಗಳ ತರುವಾಯ, 1884ರಲ್ಲಿ, ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಎಂಬ ವೈದ್ಯರು ಕೆಳದವಡೆಯ ನರದ ಬಳಿ ಕೊಕೇನ್ ದ್ರಾವಣವನ್ನು ಚುಚ್ಚಿ, ಎಚ್ಚರವಾಗಿರುವಾಗಲೇ ಅರ್ಧ ದವಡೆಯನ್ನು ಮರಗಟ್ಟಿಸಿದರು. ಆ ಪ್ರಯೋಗಗಳ ನಡುವೆ ಹಾಲ್‌ಸ್ಟೆಡ್ ತಾನೇ ಕೊಕೇನಿಗೆ ದಾಸನಾದುದು ಬೇರೊಂದು ದುಃಖದ ಕಥೆ.

ವೈದ್ಯನು ಕೆಲವು ಗಂಟೆಗಳ ಮಟ್ಟಿಗೆ ಮಲಗಿಸುವ ಆ ನರವೇ ಅಪರೂಪದ ತೊಡಕಿಗೂ ಮೂಲ. ಕೆಳದವಡೆಯ ಎಲುಬಿನೊಳಗಿನ ಕಿರಿದಾದ ನಾಳದಲ್ಲಿ ಸಾಗಿ, ಅದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ನೀಡುತ್ತದೆ. ಬುದ್ಧಿಹಲ್ಲಿನ ಬೇರು ಕೆಲವರಲ್ಲಿ ಆ ನಾಳವನ್ನು ತಾಗಿಕೊಂಡೇ ಬೆಳೆದಿರುತ್ತದೆ. ಹಲ್ಲನ್ನು ಮೀಟುವಾಗ ನರ ಜಜ್ಜಿದರೆ, ಸೂಜಿಮದ್ದಿನ ಪ್ರಭಾವ ಇಳಿದರೂ ಜೋಮು ಇಳಿಯುವುದಿಲ್ಲ. ನಾಲಗೆಯ ನರಕ್ಕೆ ಪೆಟ್ಟಾದರೆ ಆ ಪಾರ್ಶ್ವದ ರುಚಿಯೂ ಕುಂದಬಹುದು. ಬಹುಮಂದಿಗೆ ಕೆಲವು ತಿಂಗಳುಗಳಲ್ಲಿ ಅರಿವು ಮರಳುತ್ತದೆ. ಶಾಶ್ವತವಾಗಿ ಕಳೆದುಕೊಳ್ಳುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಇನ್ನೂ ವಿರಳವಾದವುಗಳೂ ಉಂಟು. ಹಲ್ಲು ಕಿತ್ತ ಒಡನೆಯೇ ಕಹಳೆಯೂದಿದ ವಾದಕನೊಬ್ಬನ ಮುಖದ ಚರ್ಮದಡಿಗೆ ಗಾಳಿ ನುಗ್ಗಿ ಊದಿಕೊಂಡ ಸಂಗತಿ 1900ರಲ್ಲಿಯೇ ವರದಿಯಾಗಿದೆ. ಕೆಲವರ ದವಡೆಯೆಲುಬು ಮುರಿಯುವುದು ವೈದ್ಯನ ಕೈಯಲ್ಲಲ್ಲ, ಎರಡು ಮೂರು ವಾರಗಳಾದ ಮೇಲೆ, ಎಲ್ಲವೂ ಮಾಯಿತೆಂದು ಗಟ್ಟಿ ಪದಾರ್ಥವನ್ನು ಜಗಿಯುವಾಗ! ನಾಲ್ವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು.

ಹಾಗೆಂದು ಕೀವುಗಟ್ಟಿದ ಹಲ್ಲನ್ನು ಉಳಿಸಿಕೊಂಡು ನರಳುವುದು ಜಾಣತನವಲ್ಲ. ತೊಂದರೆ ಕೊಡದ ಹಲ್ಲನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ಕೀಳುವ ವಾಡಿಕೆ ನಿಲ್ಲಬೇಕೆಂದು 2000ದಲ್ಲಿ ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು ಸೂಚಿಸಿತು. ಕೀಳಲೇಬೇಕಾದಾಗ ಕ್ಷ-ಕಿರಣದ ಚಿತ್ರವು ಬೇರಿಗೂ ನರನಾಳಕ್ಕೂ ಇರುವ ನೆರೆಹೊರೆಯನ್ನು ತಿಳಿಸುತ್ತದೆ. ಅವು ತೀರ ಸಮೀಪವಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಅಲ್ಲಿಯೇ ಬಿಡುವ ಕ್ರಮವೂ ಇದೆ. ಇವನ್ನೆಲ್ಲ ರೋಗಿಗೆ ಮೊದಲೇ ತಿಳಿಸಬೇಕು. ಕುರ್ಚಿಯ ಮೇಲೆ ಬಾಯ್ದೆರೆದು ಕುಳಿತ ಮೇಲೆ ಪ್ರಶ್ನೆ ಕೇಳುವುದೆಂತು?

ಏಕೆಂದರೆ ನೂರರಲ್ಲಿ ಆ ಒಬ್ಬನಾದವನಿಗೆ ಉಳಿದ ತೊಂಬತ್ತೊಂಬತ್ತರಿಂದ ಆಗಬೇಕಾದುದೇನೂ ಇಲ್ಲ. ಅವನ ತುಟಿಯಂಚಿನಲ್ಲಿ ಅನ್ನದ ಅಗುಳು ಅಂಟಿದ್ದರೆ ಎದುರಿಗೆ ಕುಳಿತವರು ಹೇಳಬೇಕು. ಚಹದ ಬಿಸಿ ತುಟಿಯ ಒಂದು ಅರ್ಧಕ್ಕೆ ತಿಳಿಯುತ್ತದೆ, ಮತ್ತೊಂದಕ್ಕೆ ತಿಳಿಯದು. ಕ್ಷೌರದ ಅಲಗು ಗದ್ದವನ್ನು ಗೀರಿದುದು ಕನ್ನಡಿಯಲ್ಲಿ ರಕ್ತ ಕಂಡಾಗಲೇ ಅರಿವಿಗೆ ಬರುತ್ತದೆ. ಬೆಳಗಾದರೆ ಬೆರಳಿನಿಂದ ತುಟಿಯನ್ನು ತಟ್ಟಿ ನೋಡುತ್ತಾನೆ. ಒಂದು ದಿನ ಅಲ್ಲಿ ಇರುವೆ ಹರಿದಂತಾಗುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ. ನರ ಚೇತರಿಸಿಕೊಳ್ಳುತ್ತಿದೆಯೆಂದು ವೈದ್ಯರು ಹೇಳಿದಾಗ, ಆ ಚುಚ್ಚುವಿಕೆ ನಾಳೆಯೂ ಇರಲೆಂದು ಹಾರೈಸುತ್ತ ಅವನು ಮನೆಗೆ ಹಿಂದಿರುಗುತ್ತಾನೆ.